ಜೂನ್ ಒಂದರ ಮಕ್ಕಳು

ದೇಶಕ್ಕೆ ಹೊಸ ಕ್ರೀಡಾ ನೀತಿ ಬಂದಿದೆಯೆಂದು ತಿಳಿಸಲು ನಮ್ಮನ್ನೆಲ್ಲ ಕೊಪ್ಪಕ್ಕೆ ಕರೆಸಿದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನ ದೈಹಿಕ ಶಿಕ್ಷಕರು ಒಟ್ಟಾದರೂ ಅರ್ಧ ಸಭಾಂಗಣ ಖಾಲಿ. ನಮ್ಮ ಕಡೆ ಹೆಚ್ಚಿನ ಶಾಲೆಗಳಲ್ಲಿ ಆಟದ ಮೇಷ್ಟ್ರ ಹುದ್ದೆಯೇ ಇಲ್ಲ, ಇನ್ನು ಕುರ್ಚಿ ತುಂಬುವುದೆಲ್ಲಿಂದ? ಹೊರಗಿನಿಂದ ಬಂದಿದ್ದ ಅಧಿಕಾರಿಯೊಬ್ಬರು ಪರದೆಯ ಮೇಲೆ ದೊಡ್ಡದೊಂದು ತ್ರಿಕೋನ ತೋರಿಸಿದರು. ಕೆಳಗಿನ ಅಗಲದಲ್ಲಿ ಹಳ್ಳಿಯ ಶಾಲೆ, ತುತ್ತತುದಿಯಲ್ಲಿ ಪದಕ. ಪ್ರತಿಭೆಯನ್ನು ಎಳವೆಯಲ್ಲೇ ಹಿಡಿಯಬೇಕು, ಹನ್ನೆರಡು ತುಂಬುವುದರೊಳಗೆ ಗುರುತಿಸಬೇಕು, ಮುಂದಿನ ಜವಾಬ್ದಾರಿ ದೇಶದ್ದು ಎಂದರು. ನಾವು ಚಪ್ಪಾಳೆ ತಟ್ಟಿದೆವು. ಮಧ್ಯಾಹ್ನ ಹೋಳಿಗೆ ಊಟ ಇತ್ತು.

ಪಕ್ಕದಲ್ಲಿ ಕೂತಿದ್ದ ಮುತ್ತಿನಕೊಪ್ಪ ಕಡೆಯ ಮೇಷ್ಟ್ರು ನನ್ನತ್ತ ಬಗ್ಗಿ, "ಮೊದ್ಲು ನಂಗೊಂದು ಸಪಾಟು ಜಾಗ ಹಿಡ್ದು ಕೊಡ್ಲಿ ಮಾರಾಯ್ರೆ, ಆಮೇಲೆ ಪ್ರತಿಭೆ ನಾನ್ ಹಿಡೀತೀನಿ" ಎಂದರು. ನಾನು ನಕ್ಕೆ. ಆ ದಿನ ನಕ್ಕಿದ್ದು ಅದೊಂದೇ ಸಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಹೇಳುವವರು ಒಮ್ಮೆ ನನ್ನ ಶಾಲೆಗೆ ಬರಬೇಕು. ಹರಿಹರಪುರದಿಂದ ಒಳಗೆ ಹೋಗುವ ದಾರಿಯಲ್ಲಿ, ಗುಡ್ಡದ ಪಕ್ಕೆ ಕಡಿದು ಕಟ್ಟಿದ ಹಿರಿಯ ಪ್ರಾಥಮಿಕ ಶಾಲೆ ಅದು. ನೆಲ ನಿಜಕ್ಕೂ ಡೊಂಕು. ಓಟದ ಸ್ಪರ್ಧೆಯನ್ನು ಮೇಲಿನಿಂದ ಕೆಳಗೆ ಇಟ್ಟರೆ ಎಲ್ಲರೂ ದಾಖಲೆ ಮುರಿಯುತ್ತಾರೆ, ಕೆಳಗಿನಿಂದ ಮೇಲೆ ಇಟ್ಟರೆ ಅರ್ಧಕ್ಕೇ ಕೂತುಬಿಡುತ್ತಾರೆ. ವಾಲಿಬಾಲ್ ಒಮ್ಮೆ ಕೈತಪ್ಪಿದರೆ ಹಳ್ಳದಲ್ಲಿ ಹುಡುಕಬೇಕು. ಉದ್ದ ಜಿಗಿತದ ಗುಂಡಿಗೆ ಮರಳು ಹಾಕಿಸೋಣವೆಂದರೆ ಹೊಳೆಯ ಮರಳು ತೆಗೆಯಲು ಪರವಾನಗಿ ಬೇಕು, ಮಕ್ಕಳು ಜಿಗಿಯುವುದಕ್ಕಾಗಿ ಮರಳು ಎಂದು ಬರೆಯಲು ಆ ಅರ್ಜಿಯಲ್ಲಿ ಜಾಗವೇ ಇಲ್ಲ. ಕೊನೆಗೆ ನಾನು ಗುಂಡಿಗೆ ಅಡಿಕೆ ಸಿಪ್ಪೆ ತುಂಬಿಸಿದೆ. ಸುಲಿದ ಸಿಪ್ಪೆಗೆ ನಮ್ಮಲ್ಲಿ ಬರ ಇಲ್ಲ. ಮೆತ್ತಗೆ ಇರುತ್ತದೆ, ಆದರೆ ಹೆಜ್ಜೆ ಗುರುತು ಮೂಡುವುದಿಲ್ಲ. ಎಲ್ಲಿ ಬಿದ್ದರೆಂದು ಕಣ್ಣಂದಾಜಿನಲ್ಲೇ ಅಳೆಯಬೇಕು.

ಸಭೆಯಾದ ವಾರಕ್ಕೆ ಫೋನಿಗೆ ಆ್ಯಪ್ ಬಂತು. ಪ್ರತಿ ಮಗುವಿನ ಎತ್ತರ, ತೂಕ, ಓಟ, ಜಿಗಿತ ಎಲ್ಲ ತುಂಬಿ, ಫೋಟೋ ಹಾಕಿ ಕಳಿಸಬೇಕು. ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ, ನೀರಿನ ಟ್ಯಾಂಕಿನ ಹತ್ತಿರ ಹತ್ತಿ ನಿಂತರೆ ಎರಡು ಕಡ್ಡಿ ಬರುತ್ತದೆ. ಆ ತಿಂಗಳು ಮಕ್ಕಳಿಗೆ ನಾನು ಆಟ ಆಡಿಸಲೇ ಇಲ್ಲ. ಅವರ ಆಟವನ್ನು ಟ್ಯಾಂಕಿನ ಬುಡದಲ್ಲಿ ನಿಂತು ಮೇಲಕ್ಕೆ ಕಳಿಸುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇದಕ್ಕೇ. ನನಗೆ ಸಿಟ್ಟು ಬೇಗ ಬರುತ್ತದೆ, ಇಷ್ಟು ವರ್ಷ ಬಿಸಿಲಲ್ಲಿ ಸೀಟಿ ಊದಿದವಳಿಗೆ ಇನ್ನೇನು ಬಂದೀತು?

ಆದರೆ ಆ ಹುಡುಗಿಯ ಜಿಗಿತವನ್ನು ಅಳೆದ ದಿನ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಏಳನೆಯ ತರಗತಿಯವಳು, ಕಡ್ಡಿಯಂಥ ಕಾಲು, ಮಾತು ಕಡಿಮೆ. ಅವಳ ತಾಯಿ ಸುತ್ತಮುತ್ತಲ ತೋಟಗಳಲ್ಲಿ ಕೂಲಿ ಮಾಡುವವಳು, ಗಂಡ ಇಲ್ಲ. ರಜೆಯ ದಿನ ಮಗಳೂ ತಾಯಿಯ ಹಿಂದೆ ತೋಟಕ್ಕೆ ಹೋಗುತ್ತಿದ್ದಳು. ಅಡಿಕೆ ಸಾಲುಗಳ ನಡುವೆ ನೀರು ಬಸಿಯಲು ತೋಡಿದ ಕಾಲುವೆಗಳಿರುತ್ತವೆ. ಎಲ್ಲರೂ ಅಡ್ಡ ಹಾಕಿದ ಮರದ ಸಂಕದ ಮೇಲೆ ದಾಟಿದರೆ ಇವಳು ಹಾರಿಯೇ ದಾಟುತ್ತಿದ್ದಳಂತೆ, ತಲೆಯ ಮೇಲೆ ಹೊರೆ ಇದ್ದರೂ. ನಾನು ಓಡಿ ಬಂದು ಜಿಗಿ ಎಂದಾಗ ಅವಳು ಸಿಪ್ಪೆಯ ಗುಂಡಿಯನ್ನೇ ದಾಟಿ ಆಚೆಯ ಗಟ್ಟಿ ನೆಲಕ್ಕೆ ಬಿದ್ದು ಮೊಣಕಾಲು ತರಚಿಕೊಂಡಳು. ಅಳಲಿಲ್ಲ. "ತಪ್ಪಾಯ್ತಾ ಟೀಚರೇ?" ಎಂದು ಕೇಳಿದಳು. ಮರುದಿನ ನಾನೇ ಗುದ್ದಲಿ ಹಿಡಿದು ಗುಂಡಿಯನ್ನು ಉದ್ದ ಮಾಡಿದೆ.

ನಾನು ಅಂಥ ಕಾಲುಗಳನ್ನು ನನ್ನ ಸೇವೆಯಲ್ಲಿ ಇನ್ನೊಮ್ಮೆ ನೋಡಿಲ್ಲ. ಆರಿಸಿದ ಮಕ್ಕಳಿಗೆ ವಸತಿ ಕ್ರೀಡಾಶಾಲೆ, ಅಲ್ಲೇ ಓದು, ಊಟ, ಶೂ, ತರಬೇತಿ ಎಂದು ಆ ನೀತಿಯ ಪುಸ್ತಕದಲ್ಲಿ ಇತ್ತು. ತಾಯಿಯನ್ನು ಕರೆಸಿ ಹೇಳಿದೆ. ಅವಳು ಕೈಯ ಅಡಿಕೆ ಕಲೆಯನ್ನು ಸೆರಗಿಗೆ ಉಜ್ಜುತ್ತ, "ಅಲ್ಲಿ ದಿನಾ ಮೊಟ್ಟೆ ಕೊಡ್ತಾರಂತೆ, ಹೌದಾ?" ಎಂದು ಕೇಳಿದಳು. ಮಗಳು ಕೇಳಿದ್ದು ಬೇರೆ.

"ಅಲ್ಲಿ ಗುಂಡಿಗೆ ಮರಳು ಹಾಕಿರ್ತಾರಾ ಟೀಚರೇ? ನಿಜದ ಮರಳು?"

"ಹಾಕಿರ್ತಾರೆ."

"ಹಂಗಾರೆ ಹೋಗ್ತೀನಿ."

ಆಯ್ಕೆ ನಡೆದದ್ದು ನರಸಿಂಹರಾಜಪುರದಲ್ಲಿ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ನಾವಿಬ್ಬರೂ ಹೋದೆವು. ಬೇರೆ ಬೇರೆ ಕಡೆಯಿಂದ ಬಂದ ಮಕ್ಕಳಲ್ಲಿ ಕೆಲವರಿಗೆ ಅಪ್ಪಂದಿರು ಕಾರಿನಿಂದಿಳಿದು ಶೂ ಲೇಸು ಕಟ್ಟುತ್ತಿದ್ದರು. ಒಬ್ಬಳಂತೂ ನನಗಿಂತ ಎತ್ತರ. ಅವಳ ಅಪ್ಪ ಒಂದು ಫೈಲನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಅವಳಿಗೆ ಹನ್ನೊಂದು ಎಂದರೆ ನಂಬಬೇಕು, ಕಾಗದ ಹಾಗೆ ಹೇಳುತ್ತಿತ್ತು. ಕ್ರೀಡೆಯಲ್ಲಿ ವಯಸ್ಸು ಇಳಿಸುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಅದಕ್ಕೇ ಆಯ್ಕೆಯಾದವರ ಮುಂಗೈ ಎಲುಬಿನ ಎಕ್ಸ್‌ರೇ ತೆಗೆದು ನಿಜವಾದ ವಯಸ್ಸು ನೋಡುತ್ತಾರೆ ಎಂದು ಆಯ್ಕೆಗೆ ಬಂದಿದ್ದ ಅಧಿಕಾರಿ ಎಲ್ಲರನ್ನೂ ಹೆದರಿಸಿದರು. ಆ ಅಪ್ಪನ ಮುಖ ಇಳಿಯಿತು. ನನಗೆ ಒಳಗೊಳಗೇ ಖುಷಿಯಾಯಿತು.

ನನ್ನ ಹುಡುಗಿ ಬರಿಗಾಲಲ್ಲಿ ಓಡಿದಳು. ಮೊದಲ ಜಿಗಿತಕ್ಕೆ ಮರಳಿನಲ್ಲಿ ಬಿದ್ದವಳು ಏಳಲೇ ಇಲ್ಲ. ಪೆಟ್ಟಾಯಿತೇನೋ ಎಂದು ನಾನು ಓಡಿದರೆ ಅವಳು ಕೂತಲ್ಲೇ ತನ್ನ ಹಿಮ್ಮಡಿಯ ಗುರುತು ನೋಡುತ್ತಿದ್ದಳು. "ಟೀಚರೇ, ಕಾಣ್ತದೆ!" ಎಂದಳು. ಅಷ್ಟು ವರ್ಷ ಶಾಲೆಯಲ್ಲಿ ಅವಳು ಎಷ್ಟು ದೂರ ಹಾರಿದಳೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ಮೂರನೆಯ ಜಿಗಿತ ಎಲ್ಲರಿಗಿಂತ ಮುಂದೆ. ಆ ಎತ್ತರದ ಹುಡುಗಿಗಿಂತಲೂ ಒಂದು ಗೇಣು ಮುಂದೆ. ಅಧಿಕಾರಿ ತಮ್ಮ ಪಟ್ಟಿಯಲ್ಲಿ ಅವಳ ಹೆಸರಿಗೆ ಸುತ್ತು ಹಾಕಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟೆ. ಅವಳ ಲಂಗದ ಅಂಚಿನಿಂದ ಮರಳು ಉದುರುತ್ತಿತ್ತು, ಕೊಡವಲು ಬಿಡಲಿಲ್ಲ ಅವಳು.

ಮರುದಿನ ಟ್ಯಾಂಕಿನ ಬುಡದಲ್ಲಿ ನಿಂತು ಅವಳ ಜನ್ಮ ದಿನಾಂಕ ತುಂಬಿದೆ. ಪರದೆ ಕೆಂಪಾಯಿತು. ವಯೋಮಿತಿ ಮೀರಿದೆ, ಅನರ್ಹ. ಮತ್ತೆ ತುಂಬಿದೆ, ಮತ್ತೆ ಕೆಂಪು. ಶಾಲೆಯ ದಾಖಲೆಯ ಪ್ರಕಾರ ಅವಳಿಗೆ ಹನ್ನೆರಡೂವರೆ. ಆಧಾರ್ ಮಾಡಿಸಿದ್ದೂ ಶಾಲೆಯ ದಾಖಲೆ ಇಟ್ಟುಕೊಂಡೇ, ಹಾಗಾಗಿ ಅಲ್ಲಿಯೂ ಹನ್ನೆರಡೂವರೆ. ಎಲುಬಿನ ಪರೀಕ್ಷೆ ಮಾಡಿಸಿ ನೋಡಿ ಎಂದು ಅಧಿಕಾರಿಗೆ ಫೋನ್ ಮಾಡಿ ಗೋಗರೆದೆ. ಅವರೇನೂ ಕೆಟ್ಟವರಲ್ಲ. "ಆ ಪರೀಕ್ಷೆ ಆಯ್ಕೆ ಆದವರಿಗೆ ಮೇಡಂ. ಆಯ್ಕೆ ಆಗ್ಬೇಕಂದ್ರೆ ಪೋರ್ಟಲ್ ಒಪ್ಬೇಕು. ವಯಸ್ಸು ಕಮ್ಮಿ ಮಾಡ್ಕೊಂಡು ಬರೋರನ್ನ ಹಿಡಿಯೋಕೆ ದಾರಿ ಇದೆ. ಹೆಚ್ಚು ಮಾಡ್ಕೊಂಡು ಯಾರಾದ್ರೂ ಬರ್ತಾರಾ?" ಎಂದು ನಿಜವಾದ ಆಶ್ಚರ್ಯದಿಂದ ಕೇಳಿದರು.

ಬರುತ್ತಾರೆ. ನಮ್ಮ ಊರಿನ ಕೂಲಿಯವರ ಮಕ್ಕಳು ಬರುತ್ತಾರೆ. ಯಾಕೆಂದರೆ ಅವರ ವಯಸ್ಸನ್ನು ಹೆಚ್ಚು ಮಾಡಿದ್ದು ನಾನು.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆರೆದರೆ ಅರ್ಧಕ್ಕರ್ಧ ಮಕ್ಕಳು ಹುಟ್ಟಿದ್ದು ಜೂನ್ ಒಂದಕ್ಕೆ. ಕೂಲಿಯ ತಾಯಂದಿರು ತಾರೀಕು ಹೇಳುವುದಿಲ್ಲ. ಎರಡನೇ ಸಲ ಅಡಿಕೆಗೆ ಔಷಧಿ ಹೊಡೆಯುವಾಗ ಹುಟ್ಟಿದ್ದು, ಗದ್ದೆ ನಟ್ಟಿ ಮುಗಿದಿತ್ತು, ಹೀಗೆ ಹೇಳುತ್ತಾರೆ. ಬರೆಯುವವರು ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬುವಂತೆ ಜೂನ್ ಒಂದು ಹಾಕಿ ಮುಗಿಸುತ್ತಾರೆ. ತಲೆಮಾರುಗಳಿಂದ ನಡೆದುಬಂದದ್ದು, ಯಾರಿಗೂ ಅದು ಸುಳ್ಳು ಎನಿಸುವುದಿಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ಆಗಿನ ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕವನ್ನು ನನ್ನ ಕೈಗೇ ಕೊಟ್ಟಿದ್ದರು.

ಆರು ವರ್ಷದ ಹಿಂದೆ ಒಂದು ಜೂನಿನಲ್ಲಿ ಶಾಲೆಗೆ ಮಕ್ಕಳು ಕಡಿಮೆ ಬಿದ್ದಿದ್ದರು. ಆಟದ ಶಿಕ್ಷಕರ ಹುದ್ದೆ ಉಳಿಯುವುದು ಮಕ್ಕಳ ತಲೆ ಲೆಕ್ಕದ ಮೇಲೆ. ಲೆಕ್ಕ ತಪ್ಪಿದರೆ ನಾನು ಹೆಚ್ಚುವರಿ, ನನ್ನನ್ನು ಎಲ್ಲಿಗೋ ಎತ್ತಿ ಹಾಕುತ್ತಾರೆ. ನನಗೆ ಹರಿಹರಪುರದಲ್ಲಿ ಮನೆ, ಹಾಸಿಗೆ ಹಿಡಿದ ಅತ್ತೆ. ನಾನೇ ಕೂಲಿಯವರ ಮನೆಗಳಿಗೆ ಹೋಗಿ, ಅಂಗನವಾಡಿಯಲ್ಲಿ ಇನ್ನೂ ಆಡಿಕೊಂಡಿರಬೇಕಾದ ಮಕ್ಕಳನ್ನು ಕರೆತಂದು ಒಂದನೇ ತರಗತಿಗೆ ಕೂರಿಸಿದೆ. ಅವರಲ್ಲಿ ಈ ಹುಡುಗಿಯೂ ಒಬ್ಬಳು. ತಾಯಿ ಆ ದಿನ ಮೇಜಿನ ಎದುರು ನಿಂತು ಏನು ಹೇಳಿದ್ದಳೆಂದು ನನಗೆ ಇವತ್ತಿಗೂ ನೆನಪಿದೆ.

"ದೀಪಾವಳಿ ಕಳ್ದು ಎಂಟು ದಿನಕ್ಕೆ ಹುಟ್ಟಿದ್ದು ಟೀಚರೇ, ಮೆಣಸೆಲಿ, ನನ್ನಮ್ಮನ ಮನೇಲಿ. ಈ ದೀಪಾವಳಿಗೆ ಐದು ತುಂಬ್ತದೆ."

ಐದು ಇನ್ನೂ ತುಂಬಿರಲಿಲ್ಲ. ನಾನು ಆರು ತುಂಬಿದೆ ಎಂದು ಬರೆದೆ. ಜೂನ್ ಒಂದು. ಒಂದೂವರೆ ವರ್ಷ ಒಂದೇ ಗೆರೆಯಲ್ಲಿ ಮುಗಿಯಿತು. ತಾಯಿಗೆ ಓದಲು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದಳು. ಮಗುವನ್ನು ನೋಡಿಕೊಳ್ಳುವವರಿಲ್ಲದೆ ತೋಟಕ್ಕೆ ಹೊತ್ತೊಯ್ಯುತ್ತಿದ್ದವಳಿಗೆ ಶಾಲೆಯ ಬಿಸಿಯೂಟವೇ ದೊಡ್ಡದಾಗಿತ್ತು. ನನಗೆ ಕೈ ಮುಗಿದು ಹೋದಳು. ನನ್ನ ಹುದ್ದೆ ಉಳಿಯಿತು.

ಹೀಗಾಗಿ ಆಟದ ಟೀಚರು ಇರಬೇಕೆಂದು ಮಗುವಿನ ವಯಸ್ಸು ಏರಿಸಿದೆ, ಏರಿಸಿದ ವಯಸ್ಸಿನಿಂದ ಮಗು ಆಟಕ್ಕೆ ಬೇಡವಾಯಿತು. ದೆಹಲಿಯಲ್ಲಿ ಕೂತು ನೀತಿ ಬರೆದವರಿಗೆ ಇಂಥದ್ದೊಂದು ಊರಿದೆ ಎಂದು ಗೊತ್ತಿರಲಾರದು. ಗೊತ್ತಿರಬೇಕಿತ್ತು ಎಂದು ನಾನು ಹಲವು ದಿನ ಅವರಿಗೆ ಬೈದೆ. ಸ್ಟಾಫ್ ರೂಮಿನಲ್ಲಿ ಬೈದೆ, ಬಸ್ಸಿನಲ್ಲಿ ಬೈದೆ. ಬೈಯುವುದರಲ್ಲಿ ಒಂದು ಸುಖ ಇದೆ. ಅಷ್ಟು ಹೊತ್ತು ನಮ್ಮ ಕಡೆ ನೋಡಿಕೊಳ್ಳಬೇಕಾಗಿಲ್ಲ.

ಸುಮ್ಮನೆ ಕೂರಲಿಲ್ಲ ಎಂದೂ ಹೇಳಬೇಕು. ತಾಯಿಯನ್ನು ಕರೆದುಕೊಂಡು ಶೃಂಗೇರಿ ಬಸ್ಸು ಹತ್ತಿ ಮೆಣಸೆಗೆ ಹೋದೆ. ಅವಳ ತವರಿನ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಚುಚ್ಚುಮದ್ದು ಹಾಕಿದ ಹಳೆಯ ತಾಯಿ ಕಾರ್ಡ್ ಸಿಕ್ಕಿತು. ಅಂಚು ಗೆದ್ದಲು ತಿಂದಿದ್ದರೂ ತಾರೀಕು ಸ್ಪಷ್ಟವಾಗಿತ್ತು. ತಾಯಿ ಆ ದಿನ ಹೇಳಿದ್ದು ಅಕ್ಷರಶಃ ನಿಜ. ಹುಡುಗಿಗೆ ಹನ್ನೊಂದು ತುಂಬಿ ಒಂದು ತಿಂಗಳೂ ಆಗಿರಲಿಲ್ಲ.

ಕಾರ್ಡು ಹಿಡಿದು ಕೊಪ್ಪದಲ್ಲಿ ಒಬ್ಬ ವಕೀಲರನ್ನು ಕಂಡೆ. ಅವರು ಪೂರ್ತಿ ಕೇಳಿಸಿಕೊಂಡು, "ಕೋರ್ಟ್ ಆದೇಶ ಬೇಕು, ಆದ್ರೆ ಕಷ್ಟ ಇಲ್ಲ. ಕಾರ್ಡ್ ಇದೆ. ಅವತ್ತು ದಾಖಲಾತಿ ಬರೆದವ್ರು ಯಾರೋ, ಅವ್ರು ಬಂದು ಒಂದು ಪ್ರಮಾಣಪತ್ರ ಕೊಡ್ಲಿ. ತಾಯಿ ಹೇಳಿದ್ದು ಬೇರೆ, ನಾನು ಬರೆದಿದ್ದು ಬೇರೆ ಅಂತ. ಬೇಗ ಮಾಡಿದ್ರೆ ಆಯ್ಕೆ ಪಟ್ಟಿ ಮುಚ್ಚೋದ್ರೊಳಗೆ ಆಗ್ತದೆ. ಬರೆದವ್ರು ಇದಾರಾ ಈಗ?" ಎಂದರು.

"ವಿಚಾರಿಸಿ ಹೇಳ್ತೀನಿ" ಎಂದೆ.

ಶಾಲೆಗೆ ಬಂದು ಈಗಿನ ಮುಖ್ಯೋಪಾಧ್ಯಾಯರ ಎದುರು ಆ ಹಳೆಯ ಪುಸ್ತಕ ಬಿಡಿಸಿದೆ. ಅವರು ಆ ಪುಟವನ್ನು ಮೇಲಿನಿಂದ ಕೆಳಗೆ ನೋಡಿದರು. ಪುಟ ಪೂರ್ತಿ ಜೂನ್ ಒಂದು, ಪೂರ್ತಿ ಒಂದೇ ದುಂಡು ಅಕ್ಷರ. ಪ್ರತಿದಿನ ಹಾಜರಿ ಪುಸ್ತಕದಲ್ಲಿ ಅವರು ನೋಡುವ ಅಕ್ಷರ. ಪುಸ್ತಕ ಮುಚ್ಚಿದರು.

"ಇದು ಒಬ್ಳ ವಿಷ್ಯ ಅಲ್ಲ ಮಾರಾಯ್ರೆ. ಒಂದು ಎಳೆ ಎಳೆದ್ರೆ ಪೂರಾ ಬಿಚ್ಕಳ್ತದೆ. ಸುಳ್ಳು ಸಂಖ್ಯೆ ತೋರಿಸಿ ಹುದ್ದೆ ಉಳಿಸ್ಕೊಂಡ್ರು ಅಂತ ವಿಚಾರಣೆ ಆಗ್ತದೆ. ನಿಮ್ಗೆ ಇನ್ನು ಮೂರು ವರ್ಷ ಸರ್ವಿಸ್ ಇರೋದು. ಎಂತಕ್ಕೆ ಬೇಕು?"

ನಾನು ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸಿದೆ ಕೂಡ. ಒಂದು ವಾರ ಯೋಚಿಸಿದೆ, ಇನ್ನೊಂದು ವಾರ ಯೋಚಿಸಿದೆ. ವಕೀಲರ ಫೋನು ಬಂದಾಗ ಎತ್ತಲಿಲ್ಲ. ಪ್ರಮಾಣಪತ್ರವನ್ನು ಮನೆಯಲ್ಲಿ ಒಮ್ಮೆ ಬರೆದೂ ನೋಡಿದೆ, ದುಂಡಗಿನ ಅದೇ ಅಕ್ಷರದಲ್ಲಿ. ಮೂರೇ ಸಾಲು. ಓದಿ, ಒಲೆಗೆ ಹಾಕಿದೆ. ಆಯ್ಕೆ ಪಟ್ಟಿ ಮುಚ್ಚಿತು. ಪಟ್ಟಿಯಲ್ಲಿ ಎರಡನೆಯವಳಾಗಿದ್ದ ಆ ಎತ್ತರದ ಹುಡುಗಿ ಎಲುಬಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಮನೆಗೆ ಹೋದಳಂತೆ, ಮೂರನೆಯವಳಿಗೆ ಜಾಗ ಸಿಕ್ಕಿತು. ನೀತಿ ಎಷ್ಟು ಚೆನ್ನಾಗಿ ಕೆಲಸ ಮಾಡಿತು ನೋಡಿ.

ಪಟ್ಟಿ ಮುಚ್ಚಿದ ದಿನ ತಾಯಿ ಶಾಲೆಗೆ ಬಂದು, "ಯಾಕ್ ಆಗ್ಲಿಲ್ಲ ಟೀಚರೇ? ಕಾರ್ಡ್ ಇತ್ತಲ್ಲ?" ಎಂದಳು. ನನ್ನ ಬಾಯಿಗೆ ಮೊದಲು ಬಂದ ಮಾತನ್ನೇ ಆಡಿಬಿಟ್ಟೆ.

"ಸೇರಿಸೋ ದಿನ ನೀನು ಕಾರ್ಡ್ ತಂದಿರ್ಲಿಲ್ಲ. ಬಾಯಲ್ಲಿ ನೀನು ಏನು ಹೇಳಿದ್ಯೋ ಅದನ್ನೇ ಬರೆದಿದ್ದು. ಸರಿಯಾಗಿ ಹೇಳ್ಬೇಕಿತ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಮಾತು ಆಡುವಾಗ ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಅವಳು ತಲೆಯ ಮೇಲೆ ಕೈ ಹೊತ್ತು, "ನಾನ್ ಎಂತ ಹೇಳಿದ್ನೋ ಏನೋ, ನೆನ್ಪೇ ಇಲ್ಲ" ಎಂದು ಹೊರಟುಹೋದಳು. ಮಗಳು ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅದು ನನಗೆ ಆಮೇಲೆ ತಿಳಿಯಿತು.

ಆ ದಿನದಿಂದ ಹುಡುಗಿ ಗುಂಡಿಯ ಹತ್ತಿರ ಬರಲಿಲ್ಲ. ಆಟದ ಪೀರಿಯಡ್ಡಿನಲ್ಲಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮುಂದಿನ ವರ್ಷ ಬೇರೆ ಸ್ಪರ್ಧೆ ಇರುತ್ತದೆ, ಬಾ ಎಂದು ಕರೆದೆ. "ನಂಗೆ ವಯಸ್ಸಾಯ್ತಲ್ಲ ಟೀಚರೇ" ಎಂದಳು. ವ್ಯಂಗ್ಯ ಮಾಡುವ ಹುಡುಗಿಯಲ್ಲ ಅವಳು. ಪುಸ್ತಕದಲ್ಲಿ ಇರುವುದನ್ನು ನಂಬಿದ್ದಳು, ಅಷ್ಟೆ.

ಬೇಸಿಗೆ ರಜೆ ಬರುವ ಮೊದಲು ಒಂದು ಮಧ್ಯಾಹ್ನ ತಾಯಿ ಮತ್ತೆ ಬಂದಳು. ಮಗಳ ರಟ್ಟೆ ಹಿಡಿದು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಿದ್ದಳು. ಜಗಲಿಯಲ್ಲಿ ನನ್ನ ಕುರ್ಚಿಯ ಮುಂದೆ ಇಬ್ಬರೂ ನಿಂತರು. ಹುಡುಗಿ ನೆಲ ನೋಡುತ್ತಿದ್ದಳು.

"ಇವ್ಳು ನನ್ ಹತ್ರ ಮಾತು ಬಿಟ್ಟು ಮೂರು ತಿಂಗ್ಳಾಯ್ತು ಟೀಚರೇ. ಬಡ್ಸಿದ್ರೆ ಉಣ್ತಾಳೆ, ಬಾಯ್ ಬಿಡಲ್ಲ. ನೀನೇ ತಪ್ಪು ಹೇಳಿ ನನ್ನ ಹಾಳು ಮಾಡ್ದೆ ಅಂದಿದ್ದೇ ಕೊನೆ. ಹೌದು, ನಂಗೆ ಓದು ಬರಲ್ಲ, ಬುದ್ಧಿ ಇರ್ಲಿಲ್ಲ. ಬೇಕಂತ ಮಾಡಿದ್ದಲ್ಲ. ನಾನ್ ಹೇಳಿದ್ರೆ ಕೇಳಲ್ಲ ಇವ್ಳು. ನಿಮ್ಮಾತು ಕೇಳ್ತಾಳೆ. ನೀವೊಂದು ಹೇಳಿ."

ಮುಖ್ಯೋಪಾಧ್ಯಾಯರು ಒಳಗೆ ಕೂತು ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದ್ದು ನನಗೆ ಕಿಟಕಿಯಿಂದ ಕಂಡಿತು. ಆಗ ಹೇಳಬಹುದಿತ್ತು. ಪಟ್ಟಿ ಮುಚ್ಚಿಯಾಗಿತ್ತು, ಕೋರ್ಟು ಬೇಕಿರಲಿಲ್ಲ, ಪ್ರಮಾಣಪತ್ರ ಬೇಕಿರಲಿಲ್ಲ. ಇಬ್ಬರು ಕೂಲಿಯ ಹೆಂಗಸರ ಮುಂದೆ ಒಂದು ಮಾತು, ನಿನ್ನ ಅಮ್ಮ ನಿಜ ಹೇಳಿದ್ದಳು ಎಂದು. ಅದರಿಂದ ನನ್ನ ಪಿಂಚಣಿಗೂ ಏನೂ ಆಗುತ್ತಿರಲಿಲ್ಲ. ಹನ್ನೊಂದು ವರ್ಷದ ಮಗುವನ್ನು ಹೆಂಗಸು ಎಂದು ಬರೆದೆ ನೋಡಿ, ಈಗಲೂ ಕೈ ಹಾಗೇ ಓಡುತ್ತದೆ.

ನಾನು ಕುರ್ಚಿಯಿಂದ ಎದ್ದು ಹುಡುಗಿಯ ತಲೆಯ ಮೇಲೆ ಕೈ ಇಟ್ಟೆ. "ಅಮ್ಮ ಬೇಕಂತ ಮಾಡಿದ್ದಲ್ಲ ಮಗಾ. ಗೊತ್ತಾಗದೆ ಆಗಿದ್ದು. ಕ್ಷಮಿಸಿಬಿಡು ಅವ್ಳನ್ನ" ಎಂದೆ.

ಹುಡುಗಿ "ಆಯ್ತು ಟೀಚರೇ" ಎಂದಳು. ತಾಯಿ ಕಣ್ಣೊರೆಸಿಕೊಂಡು ನನಗೆ ಕೈ ಮುಗಿದಳು.